ಕರಡಿಯ ಹಳೆ ಕುಂಚ

ಅದೊಂದು ಭಾನುವಾರ. ಎಲ್ಲ ಭಾನುವಾರಗಳ ಹಾಗೆಯೇ ಇತ್ತು. ಒಲೆಯ ಮೇಲೆ ರೊಟ್ಟಿ ಬೇಯುತ್ತಿತ್ತು. ಅಂಗಳದಲ್ಲಿ ಕೋಳಿ ಕಸ ಕೆದರುತ್ತಿತ್ತು. ಹೊನ್ನಿ ಎದ್ದಳು. ಮುಖ ತೊಳೆದಳು. ಗೋಡೆಯ ಗೂಟಕ್ಕೆ ಕೈ ಚಾಚಿದಳು.

ಗೂಟ ಇತ್ತು. ಕುಂಚ ಇರಲಿಲ್ಲ.

ಹೊನ್ನಿಗೆ ಆರು ವರ್ಷ. ಅವಳ ನಾಯಿಯ ಹೆಸರು ಕರಡಿ. ಕರಡಿಗೆ ಮೈ ತುಂಬ ಕೂದಲು. ಕರಿ ಕೂದಲು. ಉದ್ದ ಕೂದಲು. ಮುಖ ಯಾವ ಕಡೆ, ಬಾಲ ಯಾವ ಕಡೆ ಎಂದು ಹೊಸಬರಿಗೆ ತಿಳಿಯುತ್ತಲೇ ಇರಲಿಲ್ಲ.

ಕರಡಿಯ ಅಮ್ಮನ ಹೆಸರು ಕೆಂಪಿ. ಕೆಂಪಿಯ ಕೂದಲು ಕೆಂಪು. ದಿನಾ ಬೆಳಿಗ್ಗೆ ಹೊನ್ನಿ ಮೊದಲು ಕೆಂಪಿಯ ಮೈ ಬಾಚುತ್ತಿದ್ದಳು. ಆಮೇಲೆ ಕರಡಿಯ ಮೈ ಬಾಚುತ್ತಿದ್ದಳು. ಇಬ್ಬರಿಗೂ ಒಂದೇ ಕುಂಚ, ನೂಲಿಗೆ ಗಂಜಿ ಬಳಿದು ಸವೆದ ನಾರಿನ ಕುಂಚ.

ಕೆಂಪಿಗೆ ವಯಸ್ಸಾಗಿತ್ತು. ಹೋದ ತಿಂಗಳು ಕೆಂಪಿ ಸತ್ತುಹೋದಳು.

ಅಂದು ಕರಡಿ ಮಂಚದ ಕೆಳಗೆ ಸೇರಿದ. ಕರೆದರೆ ಬರುತ್ತಿರಲಿಲ್ಲ. ರೊಟ್ಟಿ ತೋರಿಸಿದರೆ ಬರುತ್ತಿರಲಿಲ್ಲ. ಕುಂಚ ತೋರಿಸಿದರೆ ಮಾತ್ರ ಬರುತ್ತಿದ್ದ. ಬಂದು ಕುಂಚವನ್ನು ಮೂಸುತ್ತಿದ್ದ. ಬಹಳ ಹೊತ್ತು ಮೂಸುತ್ತಿದ್ದ. ಆಮೇಲೆ ಮೈ ಚಾಚಿ ಮಲಗುತ್ತಿದ್ದ. ಹೊನ್ನಿ ಬಾಚುತ್ತಿದ್ದಳು. ಬಾಚಿದ ಮೇಲೆ ರೊಟ್ಟಿ ತಿನ್ನುತ್ತಿದ್ದ.

ಕುಂಚದ ಬುಡದಲ್ಲಿ ಕೆಂಪಿಯ ಕೂದಲು ಸಿಕ್ಕಿಕೊಂಡಿತ್ತು. ಏಳು ಕೂದಲು. ಹೊನ್ನಿ ಎಣಿಸಿದ್ದಳು. ಕರಿ ಕೂದಲನ್ನು ದಿನಾ ತೆಗೆಯುತ್ತಿದ್ದಳು. ಕೆಂಪು ಕೂದಲನ್ನು ತೆಗೆಯುತ್ತಿರಲಿಲ್ಲ.

ಆ ಕುಂಚ ಇವತ್ತು ಗೂಟದಲ್ಲಿ ಇರಲಿಲ್ಲ.

"ಚಿಕ್ಕಮ್ಮ, ಕುಂಚ ಎಲ್ಲಿ?"

ಚಿಕ್ಕಮ್ಮ ಮೊನ್ನೆಯಷ್ಟೇ ಮದುವೆಯಾಗಿ ಬಂದವಳು. "ಕರಿಯಜ್ಜ ಬಂದಿದ್ದ ಕಣೇ. ಇವತ್ತು ಬೀದಿಯಲ್ಲಿ ನೂಲು ಹಾಸ್ತೀವಿ, ಕುಂಚ ಕೊಡಮ್ಮ ಅಂದ. ಕೊಟ್ಟೆ."

ಅದು ಕಂಬಳಿ ನೇಯುವವರ ಊರು. ಕಂಬಳಿಯ ನೂಲನ್ನು ಬೀದಿ ಉದ್ದಕ್ಕೂ ಹಾಸುತ್ತಾರೆ. ಹುಣಸೆ ಬೀಜದ ಗಂಜಿ ಕಾಯಿಸುತ್ತಾರೆ. ಗಂಜಿಯಲ್ಲಿ ಕುಂಚ ಅದ್ದಿ ನೂಲಿಗೆ ಬಳಿಯುತ್ತಾರೆ. ನೂಲು ಹಾಸಿದ ದಿನ ಕುಂಚ ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ಚಿಕ್ಕಮ್ಮನಿಗೆ ಇದು ಗೊತ್ತಿತ್ತು. ಆದರೆ ಸವೆದ ಕುಂಚ ನಾಯಿಯದು ಎಂಬುದು ಗೊತ್ತಿರಲಿಲ್ಲ.

"ಅದು ಕರಡಿಯ ಕುಂಚ, ಚಿಕ್ಕಮ್ಮ! ಅದರಲ್ಲಿ ಕೆಂಪಿ ಕೂದಲಿದೆ!"

"ಅಯ್ಯೋ, ನಾನೇನು ಮಾಡಿಬಿಟ್ಟೆ!" ಚಿಕ್ಕಮ್ಮ ರೊಟ್ಟಿ ಬಿಟ್ಟು ಎದ್ದಳು. ಹೊನ್ನಿ ಆಗಲೇ ಓಡಿದ್ದಳು.

ಕರಿಯಜ್ಜ ಬೀದಿಯಲ್ಲಿ ಕುಳಿತಿದ್ದ. ಒಲೆಯ ಮೇಲೆ ಗಂಜಿ ಕುದಿಯುತ್ತಿತ್ತು. ಪಕ್ಕದಲ್ಲಿ ಕುಂಚ ಇತ್ತು.

"ಕರಿಯಜ್ಜ, ಕರಿಯಜ್ಜ, ಹಳೆ ಕುಂಚ ಕೊಡು.
ಹಳೆ ಕುಂಚ ಬಂದರೆ ನಮ್ಮ ಕರಡಿ ಹೊರಗೆ ಬರ್ತಾನೆ."

"ನೂಲು ಹಾಸಿ ಆಯಿತಲ್ಲವ್ವ," ಅಂದ ಕರಿಯಜ್ಜ. "ಇವತ್ತು ಗಂಜಿ ಬಳಿಯದಿದ್ದರೆ ನೂಲು ಹರೀತದೆ. ಕುಂಚ ಕೊಡೋಕಾಗಲ್ಲ. ಹೊಸ ಕುಂಚ ತಾ. ಹಳೆ ಕುಂಚ ಕೊಡ್ತೀನಿ."

"ಎಲ್ಲಿವರೆಗೆ ಕಾಯ್ತೀಯ ಅಜ್ಜ?"

"ಗಂಜಿ ಆರುವವರೆಗೆ. ಬಿಸಿ ಗಂಜಿ ಬಳಿಯೋಕಾಗಲ್ಲ. ಆರಿದ ಮೇಲೆ ಕಾಯಲ್ಲ."

ಹೊನ್ನಿ ಓಡಿದಳು. ದ್ಯಾವಕ್ಕನ ಮನೆಗೆ ಓಡಿದಳು. ದ್ಯಾವಕ್ಕ ಕುಂಚ ಕಟ್ಟುವವಳು.

"ದ್ಯಾವಕ್ಕ, ದ್ಯಾವಕ್ಕ, ಹೊಸ ಕುಂಚ ಕಟ್ಟು.
ಹೊಸ ಕುಂಚ ಕೊಟ್ಟರೆ ಕರಿಯಜ್ಜ ಹಳೆ ಕುಂಚ ಕೊಡ್ತಾನೆ.
ಹಳೆ ಕುಂಚ ಬಂದರೆ ನಮ್ಮ ಕರಡಿ ಹೊರಗೆ ಬರ್ತಾನೆ."

"ಏನು ಕಟ್ಟಲಿ, ನನ್ನ ಜಡೆ ಕಟ್ಟಲಾ?" ಅಂದಳು ದ್ಯಾವಕ್ಕ. "ನಾರು ಮುಗಿದು ವಾರ ಆಯ್ತು. ಹಳ್ಳದ ದಂಡೆಯಲ್ಲಿ ಈಚಲ ಮರ ಇದೆ. ನಾರು ತಾ. ಕುಂಚ ಕಟ್ತೀನಿ."

ಹೊನ್ನಿ ಓಡಿದಳು. ಹಳ್ಳದ ದಂಡೆಗೆ ಓಡಿದಳು.

"ಈಚಲ ಮರವೇ, ಈಚಲ ಮರವೇ, ನಾರು ಕೊಡು.
ನಾರು ಕೊಟ್ಟರೆ ದ್ಯಾವಕ್ಕ ಹೊಸ ಕುಂಚ ಕಟ್ತಾಳೆ.
ಹೊಸ ಕುಂಚ ಕೊಟ್ಟರೆ ಕರಿಯಜ್ಜ ಹಳೆ ಕುಂಚ ಕೊಡ್ತಾನೆ.
ಹಳೆ ಕುಂಚ ಬಂದರೆ ನಮ್ಮ ಕರಡಿ ಹೊರಗೆ ಬರ್ತಾನೆ."

"ಹೇಗೆ ಕೊಡಲಿ?" ಅಂತು ಈಚಲ ಮರ. "ಈ ಹೋತ ನೋಡು. ಬೆಳಿಗ್ಗೆಯಿಂದ ನನಗೆ ಮೈ ಉಜ್ಜುತ್ತಿದೆ. ಉಜ್ಜಿ ಉಜ್ಜಿ ನನ್ನ ತೊಗಟೆ ಎದ್ದಿದೆ. ಹೋತ ನನ್ನನ್ನು ಬಿಡಲಿ. ನಾರು ಕೊಡ್ತೀನಿ."

ಹೋತ ನಿಜವಾಗಿಯೂ ಉಜ್ಜುತ್ತಿತ್ತು. ಕುತ್ತಿಗೆ ಉಜ್ಜುತ್ತಿತ್ತು. ಗಡ್ಡ ಉಜ್ಜುತ್ತಿತ್ತು.

"ಹೋತಪ್ಪ, ಹೋತಪ್ಪ, ಮರ ಬಿಡು.
ಹೋತ ಬಿಟ್ಟರೆ ಈಚಲ ಮರ ನಾರು ಕೊಡ್ತದೆ.
ನಾರು ಕೊಟ್ಟರೆ ದ್ಯಾವಕ್ಕ ಹೊಸ ಕುಂಚ ಕಟ್ತಾಳೆ.
ಹೊಸ ಕುಂಚ ಕೊಟ್ಟರೆ ಕರಿಯಜ್ಜ ಹಳೆ ಕುಂಚ ಕೊಡ್ತಾನೆ.
ಹಳೆ ಕುಂಚ ಬಂದರೆ ನಮ್ಮ ಕರಡಿ ಹೊರಗೆ ಬರ್ತಾನೆ."

"ಬಿಡಲ್ಲ," ಅಂತು ಹೋತ. "ನನ್ನ ಗಡ್ಡ ನೋಡು. ಗಡ್ಡದ ತುಂಬ ಉತ್ತರಾಣಿ ಮುಳ್ಳು. ಚುಚ್ಚುತ್ತದೆ. ನವೆಯಾಗುತ್ತದೆ. ಉಜ್ಜದೆ ಏನು ಮಾಡಲಿ?"

"ನಾನು ಕೀಳಲಾ?"

ಹೊನ್ನಿ ಒಂದು ಮುಳ್ಳು ಎಳೆದಳು.

"ಬ್ಯಾ! ಗಡ್ಡ ಎಳೀತೀಯಾ? ಇಷ್ಟು ದೊಡ್ಡವನ ಗಡ್ಡ ಎಳೀತೀಯಾ? ಬೀರಣ್ಣನನ್ನು ಕರಿ. ಅವನು ಕತ್ತರಿಸಲಿ. ಮರ ಬಿಡ್ತೀನಿ."

ಹೊನ್ನಿ ಓಡಿದಳು. ಕುರಿ ಹಟ್ಟಿಗೆ ಓಡಿದಳು. ಬೀರಣ್ಣ ಕುರಿಯ ಉಣ್ಣೆ ಕತ್ತರಿಸುವವನು.

"ಬೀರಣ್ಣ, ಬೀರಣ್ಣ, ಹೋತದ ಗಡ್ಡ ಕತ್ತರಿಸು.
ಗಡ್ಡ ಕತ್ತರಿಸಿದರೆ ಹೋತ ಮರ ಬಿಡ್ತದೆ.
ಹೋತ ಬಿಟ್ಟರೆ ಈಚಲ ಮರ ನಾರು ಕೊಡ್ತದೆ.
ನಾರು ಕೊಟ್ಟರೆ ದ್ಯಾವಕ್ಕ ಹೊಸ ಕುಂಚ ಕಟ್ತಾಳೆ.
ಹೊಸ ಕುಂಚ ಕೊಟ್ಟರೆ ಕರಿಯಜ್ಜ ಹಳೆ ಕುಂಚ ಕೊಡ್ತಾನೆ.
ಹಳೆ ಕುಂಚ ಬಂದರೆ ನಮ್ಮ ಕರಡಿ ಹೊರಗೆ ಬರ್ತಾನೆ."

ಬೀರಣ್ಣ ಕತ್ತರಿ ಎತ್ತಿ ತೋರಿಸಿದ. "ಈ ಕತ್ತರಿ ಬೆಣ್ಣೇನೂ ಕತ್ತರಿಸಲ್ಲ ಕಣಮ್ಮ. ಇನ್ನೂರು ಕುರಿ ಕತ್ತರಿಸಿ ಮೊಂಡಾಗಿದೆ. ಇದರಲ್ಲಿ ಮುಟ್ಟಿದರೆ ಹೋತ ನನ್ನನ್ನು ಹಾಯ್ತದೆ. ತಗೊಂಡು ಹೋಗು. ಸಾಣೆ ಹಿಡಿಸಿ ತಾ. ಗಡ್ಡ ಕತ್ತರಿಸ್ತೀನಿ."

ಬೀರಣ್ಣ ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟ. ಹೊನ್ನಿ ಓಡಲಿಲ್ಲ. ಕತ್ತರಿ ಹಿಡಿದು ಓಡಬಾರದು. ಬೇಗ ಬೇಗ ನಡೆದಳು.

ಹೊಂಗೆ ಮರದ ಕೆಳಗೆ ಖಾದರಣ್ಣ ಇದ್ದ. ಅವನ ಸೈಕಲ್ ಮೇಲೆ ಸಾಣೆಯ ಚಕ್ರ ಇತ್ತು.

"ಖಾದರಣ್ಣ, ಖಾದರಣ್ಣ, ಸಾಣೆ ಹಿಡಿ.
ಸಾಣೆ ಹಿಡಿದರೆ ಬೀರಣ್ಣ ಮರ ಬಿಡ್ತಾನೆ.
ಬೀರಣ್ಣ ಬಿಟ್ಟರೆ ಹೋತ ಹೊಸ ಕುಂಚ ಕಟ್ತದೆ..."

"ಏನಂದೆ?" ಖಾದರಣ್ಣ ನಗತೊಡಗಿದ. "ಬೀರಣ್ಣ ಯಾವಾಗ ಮರ ಹತ್ತಿದ? ಹೋತ ಕುಂಚ ಕಟ್ತದಾ? ಹಾಗಾದರೆ ದ್ಯಾವಕ್ಕ ಹುಲ್ಲು ಮೇಯ್ತಾಳಾ?"

ಹೊನ್ನಿಗೆ ನಗು ಬರಲಿಲ್ಲ.

ಖಾದರಣ್ಣ ನಗು ನಿಲ್ಲಿಸಿದ. ಕೆಳಗೆ ಕುಳಿತ. "ಕುತ್ಕೋ ಮಗಾ. ಉಸಿರು ಬಿಡು. ಮೊದಲಿಂದ ಹೇಳು."

ಹೊನ್ನಿ ಕುಳಿತಳು. ಉಸಿರು ಬಿಟ್ಟಳು. ಮೊದಲಿಂದ ಹೇಳಿದಳು.

"ಖಾದರಣ್ಣ, ಖಾದರಣ್ಣ, ಸಾಣೆ ಹಿಡಿ.
ಸಾಣೆ ಹಿಡಿದರೆ ಬೀರಣ್ಣ ಗಡ್ಡ ಕತ್ತರಿಸ್ತಾನೆ.
ಗಡ್ಡ ಕತ್ತರಿಸಿದರೆ ಹೋತ ಮರ ಬಿಡ್ತದೆ.
ಹೋತ ಬಿಟ್ಟರೆ ಈಚಲ ಮರ ನಾರು ಕೊಡ್ತದೆ.
ನಾರು ಕೊಟ್ಟರೆ ದ್ಯಾವಕ್ಕ ಹೊಸ ಕುಂಚ ಕಟ್ತಾಳೆ.
ಹೊಸ ಕುಂಚ ಕೊಟ್ಟರೆ ಕರಿಯಜ್ಜ ಹಳೆ ಕುಂಚ ಕೊಡ್ತಾನೆ.
ಹಳೆ ಕುಂಚ ಬಂದರೆ ನಮ್ಮ ಕರಡಿ ಹೊರಗೆ ಬರ್ತಾನೆ."

"ಈಗ ಸರಿಯಾಯ್ತು," ಅಂದ ಖಾದರಣ್ಣ. "ಆದರೆ ನೋಡು, ಚಕ್ರದ ದಾರ ಈಗಷ್ಟೇ ಕಿತ್ತುಹೋಯ್ತು. ದಾರ ಇಲ್ಲದೆ ಚಕ್ರ ತಿರುಗಲ್ಲ. ಗೌರಜ್ಜಿ ಹತ್ತಿರ ಒಂದು ಗಟ್ಟಿ ದಾರ ತಾ. ಸಾಣೆ ಹಿಡೀತೀನಿ. ಕತ್ತರಿ ಇಲ್ಲೇ ಇರಲಿ."

ಈಗ ಕೈಯಲ್ಲಿ ಕತ್ತರಿ ಇರಲಿಲ್ಲ. ಹೊನ್ನಿ ಓಡಿದಳು. ಗೌರಜ್ಜಿಯ ಮನೆಗೆ ಓಡಿದಳು. ಗೌರಜ್ಜಿ ರಾಟೆಯ ಮುಂದೆ ಸುಮ್ಮನೆ ಕುಳಿತಿದ್ದಳು.

"ಗೌರಜ್ಜಿ, ಗೌರಜ್ಜಿ, ದಾರ ನೂಲು.
ದಾರ ಕೊಟ್ಟರೆ ಖಾದರಣ್ಣ ಸಾಣೆ ಹಿಡೀತಾನೆ.
ಸಾಣೆ ಹಿಡಿದರೆ ಬೀರಣ್ಣ ಗಡ್ಡ ಕತ್ತರಿಸ್ತಾನೆ.
ಗಡ್ಡ ಕತ್ತರಿಸಿದರೆ ಹೋತ ಮರ ಬಿಡ್ತದೆ.
ಹೋತ ಬಿಟ್ಟರೆ ಈಚಲ ಮರ ನಾರು ಕೊಡ್ತದೆ.
ನಾರು ಕೊಟ್ಟರೆ ದ್ಯಾವಕ್ಕ ಹೊಸ ಕುಂಚ ಕಟ್ತಾಳೆ.
ಹೊಸ ಕುಂಚ ಕೊಟ್ಟರೆ ಕರಿಯಜ್ಜ ಹಳೆ ಕುಂಚ ಕೊಡ್ತಾನೆ.
ಹಳೆ ಕುಂಚ ಬಂದರೆ ನಮ್ಮ ಕರಡಿ ಹೊರಗೆ ಬರ್ತಾನೆ."

"ರಾಟೆ ಇದೆ," ಅಂದಳು ಗೌರಜ್ಜಿ. "ಕೈ ಇದೆ. ಹೊತ್ತೂ ಇದೆ. ಉಣ್ಣೆ ಇಲ್ಲವಲ್ಲ ಕೂಸೇ! ಊರಿನ ಉಣ್ಣೆಯೆಲ್ಲ ನೂಲಾಗಿ ಕರಿಯಜ್ಜನ ಬೀದಿಯಲ್ಲಿ ಬಿದ್ದಿದೆ. ಒಂದು ಹಿಡಿ ಕೂದಲು ತಾ. ಬಾಚಿ ತೆಗೆದ ಕೂದಲು. ದಾರ ನೂಲ್ತೀನಿ."

"ಯಾರ ಕೂದಲು ತರಲಿ ಅಜ್ಜಿ?"

"ನಿಮ್ಮ ಕರಡಿ ಮೈಯಲ್ಲಿ ಕೂದಲಿಗೆ ಬರವೇ?"

ಹೊನ್ನಿ ನೆಲ ನೋಡಿದಳು. "ಕರಡಿಯ ಮೈ ಬಾಚಬೇಕಾದರೆ ಕುಂಚ ಬೇಕು. ಕುಂಚ ಬೇಕು ಅಂತಲೇ ನಾನು ಬಂದದ್ದು."

ಗೌರಜ್ಜಿ ಹೊನ್ನಿಯ ಎರಡೂ ಕೈ ಹಿಡಿದಳು. ಬೆರಳು ಒಂದೊಂದಾಗಿ ಬಿಡಿಸಿದಳು. "ಇವು ಇವೆಯಲ್ಲ. ಹತ್ತು ಇವೆ. ಮೆಲ್ಲಗೆ ಬಾಚು."

"ಅವನು ಬರಲ್ಲ ಅಜ್ಜಿ."

"ಕೇಳಿ ನೋಡು."

ಹೊನ್ನಿ ಮನೆಗೆ ಬಂದಳು. ಮನೆಯಲ್ಲಿ ಯಾರೂ ಇರಲಿಲ್ಲ. ರೊಟ್ಟಿ ತಣ್ಣಗಾಗಿತ್ತು. ಕರಡಿ ಮಂಚದ ಕೆಳಗಿದ್ದ. ಗೋಡೆಯ ಕಡೆ ಮುಖ ಮಾಡಿದ್ದ.

ಹೊನ್ನಿ ನೆಲದ ಮೇಲೆ ಮಲಗಿದಳು. ಮಂಚದ ಕೆಳಗೆ ನೋಡುತ್ತಾ ಹೇಳಿದಳು.

"ಕರಡಿ, ಕರಡಿ, ಹಿಡಿ ಕೂದಲು ಕೊಡು.
ಹಿಡಿ ಕೂದಲು ಕೊಟ್ಟರೆ ಗೌರಜ್ಜಿ ದಾರ ನೂಲ್ತಾಳೆ.
ದಾರ ಕೊಟ್ಟರೆ ಖಾದರಣ್ಣ ಸಾಣೆ ಹಿಡೀತಾನೆ.
ಸಾಣೆ ಹಿಡಿದರೆ ಬೀರಣ್ಣ ಗಡ್ಡ ಕತ್ತರಿಸ್ತಾನೆ.
ಗಡ್ಡ ಕತ್ತರಿಸಿದರೆ ಹೋತ ಮರ ಬಿಡ್ತದೆ.
ಹೋತ ಬಿಟ್ಟರೆ ಈಚಲ ಮರ ನಾರು ಕೊಡ್ತದೆ.
ನಾರು ಕೊಟ್ಟರೆ ದ್ಯಾವಕ್ಕ ಹೊಸ ಕುಂಚ ಕಟ್ತಾಳೆ.
ಹೊಸ ಕುಂಚ ಕೊಟ್ಟರೆ ಕರಿಯಜ್ಜ ಹಳೆ ಕುಂಚ ಕೊಡ್ತಾನೆ.
ಹಳೆ ಕುಂಚ ಬಂದರೆ..."

ಹೊನ್ನಿ ಅಲ್ಲಿಗೆ ನಿಲ್ಲಿಸಿದಳು. ಅವಳ ಕಣ್ಣೀರು ನೆಲಕ್ಕೆ ಬಿತ್ತು.

ಮಂಚದ ಕೆಳಗೆ ಸದ್ದಾಯಿತು. ಕರಡಿ ಈ ಕಡೆ ತಿರುಗಿದ. ಹೊಟ್ಟೆ ಎಳೆಯುತ್ತಾ ಒಂದು ಗೇಣು ಬಂದ. ಇನ್ನೊಂದು ಗೇಣು ಬಂದ. ಹೊರಗೆ ಬಂದ. ಹೊನ್ನಿಯ ಕೈ ಮೂಸಿದ. ಬಹಳ ಹೊತ್ತು ಮೂಸಿದ. ಆಮೇಲೆ ಮೈ ಚಾಚಿ ಮಲಗಿದ.

ಹೊನ್ನಿ ಬೆರಳಲ್ಲಿ ಬಾಚಿದಳು. ಬೆನ್ನು ಬಾಚಿದಳು. ಬಾಲ ಬಾಚಿದಳು. ಕಿವಿಯ ಹಿಂದೆ ಗಂಟಾಗಿತ್ತು. ಎಳೆಯಲಿಲ್ಲ. ಮೆಲ್ಲಗೆ ಬಿಡಿಸಿದಳು. ಒಂದು ಹಿಡಿ ಕೂದಲು ಬಂತು.

ಹೊನ್ನಿ ಓಡಿದಳು. ಹಿಂದೆ ಕರಡಿ ಓಡಿದ.

ಹಿಡಿ ಕೂದಲು ಕೊಟ್ಟಳು. ಗೌರಜ್ಜಿ ದಾರ ನೂತಳು. ಎರಡೆಳೆ ಹೊಸೆದಳು. ಗಟ್ಟಿ ದಾರ, ಕರಿ ದಾರ. ಹೊನ್ನಿ ಓಡಿದಳು. ಹಿಂದೆ ಕರಡಿ ಓಡಿದ.

ದಾರ ಕೊಟ್ಟಳು. ಖಾದರಣ್ಣ ಚಕ್ರಕ್ಕೆ ಕಟ್ಟಿದ. ಪೆಡಲ್ ತುಳಿದ. ಚಕ್ರ ಗಿರ್ರನೆ ತಿರುಗಿತು. ಕಿಡಿ ಹಾರಿತು. ಕತ್ತರಿ ಹರಿತವಾಯಿತು. ಹೊನ್ನಿ ನಡೆದಳು. ಹಿಂದೆ ಕರಡಿ ನಡೆದ.

ಕತ್ತರಿ ಕೊಟ್ಟಳು. ಬೀರಣ್ಣ ಹಳ್ಳಕ್ಕೆ ಬಂದ. ಹೋತ ಕರಡಿಯನ್ನು ನೋಡಿತು.

"ಇವನ್ಯಾರು? ಇವನ ಮುಖ ಯಾವ ಕಡೆ?"

"ನಿನ್ನ ಮುಖ ಎತ್ತು ಮೊದಲು," ಅಂದ ಬೀರಣ್ಣ. ಕಚ್ ಕಚ್ ಎಂದು ಕತ್ತರಿಸಿದ. ಉತ್ತರಾಣಿ ಉದುರಿತು. ಅರ್ಧ ಗಡ್ಡವೂ ಉದುರಿತು. ಹೋತ ನೀರಿನಲ್ಲಿ ಮುಖ ನೋಡಿಕೊಂಡಿತು. "ಪರವಾಗಿಲ್ಲ. ಬೆಳೀತದೆ," ಅಂತು. ಮರ ಬಿಟ್ಟು ಹೋಯಿತು.

ಈಚಲ ಮರ ನಾರು ಕೊಟ್ಟಿತು. ಹೊನ್ನಿ ಓಡಿದಳು. ಹಿಂದೆ ಕರಡಿ ಓಡಿದ.

ನಾರು ಕೊಟ್ಟಳು. ದ್ಯಾವಕ್ಕ ಹೊಸ ಕುಂಚ ಕಟ್ಟಿದಳು. ಒಂದು ಸಲ ಸುತ್ತಿದಳು. ಎರಡು ಸಲ ಸುತ್ತಿದಳು. "ಓಡು, ಗಂಜಿ ಆರ್ತದೆ!" ಅಂದಳು. ಹೊನ್ನಿ ಓಡಿದಳು. ಹಿಂದೆ ಕರಡಿ ಓಡಿದ.

ಬಿಸಿಲು ನೆತ್ತಿಗೆ ಬಂದಿತ್ತು. ಗಂಜಿ ಎಂದೋ ಆರಬೇಕಿತ್ತು.

ಗಂಜಿ ಆರಿರಲಿಲ್ಲ. ಒಲೆಯ ಮುಂದೆ ಚಿಕ್ಕಮ್ಮ ಕುಳಿತಿದ್ದಳು. ಒಂದು ಕಡ್ಡಿ ಒಲೆಗೆ ಹಾಕುತ್ತಿದ್ದಳು. ಕರಿಯಜ್ಜನ ಕಡೆ ನೋಡುತ್ತಿದ್ದಳು. ಇನ್ನೊಂದು ಕಡ್ಡಿ ಹಾಕುತ್ತಿದ್ದಳು. ಅವಳ ಮುಖವೆಲ್ಲ ಮಸಿಯಾಗಿತ್ತು. ಕರಿಯಜ್ಜ ನೋಡಿಯೂ ನೋಡದವನ ಹಾಗೆ ಕುಳಿತಿದ್ದ.

"ಏನಮ್ಮ, ಇವತ್ತು ಗಂಜಿ ಆರೋದೇ ಇಲ್ಲವಲ್ಲ?"

"ಬಿಸಿಲು ಜಾಸ್ತಿ, ಅಜ್ಜ."

"ಹೌದೌದು. ಬಿಸಿಲು ಜಾಸ್ತಿ."

ಹೊನ್ನಿ ಹೊಸ ಕುಂಚ ಕೊಟ್ಟಳು. ಕರಿಯಜ್ಜ ಹಳೆ ಕುಂಚ ಕೊಟ್ಟ. ಅದು ಒಣಗಿಯೇ ಇತ್ತು.

"ತಗೋ ನಿನ್ನ ಕುಂಚ," ಅಂದ ಕರಿಯಜ್ಜ. "ಕೆಂಪಿ ನನ್ನ ಮಗ್ಗದ ಪಕ್ಕದಲ್ಲೂ ಮಲಗ್ತಿದ್ದಳು ಕಣವ್ವ."

ಚಿಕ್ಕಮ್ಮ ಒಲೆಯಿಂದ ಕಡ್ಡಿ ಎಳೆದಳು. ಗಂಜಿ ಆರತೊಡಗಿತು.

ಕರಡಿ ಹಿಡಿ ಕೂದಲು ಕೊಟ್ಟ.
ಗೌರಜ್ಜಿ ದಾರ ಕೊಟ್ಟಳು.
ಖಾದರಣ್ಣ ಸಾಣೆ ಹಿಡಿದ.
ಬೀರಣ್ಣ ಗಡ್ಡ ಕತ್ತರಿಸಿದ.
ಹೋತ ಮರ ಬಿಟ್ಟಿತು.
ಈಚಲ ಮರ ನಾರು ಕೊಟ್ಟಿತು.
ದ್ಯಾವಕ್ಕ ಹೊಸ ಕುಂಚ ಕಟ್ಟಿದಳು.
ಕರಿಯಜ್ಜ ಹಳೆ ಕುಂಚ ಕೊಟ್ಟ.

ಹೊನ್ನಿ ಮನೆಗೆ ಬಂದಳು. ಜಗಲಿಯ ಮೇಲೆ ಕುಳಿತಳು. ಕರಡಿ ಕುಂಚವನ್ನು ಮೂಸಿದ. ಬಹಳ ಹೊತ್ತು ಮೂಸಿದ. ಆಮೇಲೆ ಮೈ ಚಾಚಿ ಮಲಗಿದ. ಹೊನ್ನಿ ಬಾಚಿದಳು. ಬೆನ್ನು ಬಾಚಿದಳು. ಹೊಟ್ಟೆ ಬಾಚಿದಳು. ನಾಲ್ಕೂ ಕಾಲು ಬಾಚಿದಳು. ಬಾಲ ಬಾಚಿದಳು.

ಚಿಕ್ಕಮ್ಮ ರೊಟ್ಟಿ ತಂದಳು. ಕರಡಿ ತಿಂದ. ಇನ್ನೊಂದು ತಂದಳು. ಅದನ್ನೂ ತಿಂದ.

ಹೊನ್ನಿ ಕುಂಚದಿಂದ ಕರಿ ಕೂದಲು ತೆಗೆದಳು. ಎಲ್ಲ ತೆಗೆದಳು. ಕುಂಚವನ್ನು ಬೆಳಕಿಗೆ ಹಿಡಿದಳು. ಬುಡದಲ್ಲಿ ಎಣಿಸಿದಳು.

ಏಳು ಇದ್ದವು.